ಬಂದರಿನ ಲೆಕ್ಕ, ಬ್ಯಾಂಕಿನ ಲೆಕ್ಕ: ದೇಶದ ವಿದೇಶ ವ್ಯಾಪಾರವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ದಾಲ್ ಮಿಲ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳೂ ಪೇಪರಿನಲ್ಲಿ ದೇಶದ ವ್ಯಾಪಾರ ಕೊರತೆ ಇಷ್ಟು ಶತಕೋಟಿ ಡಾಲರ್ ಅಂತ ಬರುತ್ತದೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಅದೇ ತಿಂಗಳಿಗೆ ಬೇರೆ ಅಂಕಿ ಇರುತ್ತದೆ. ರಿಸರ್ವ್ ಬ್ಯಾಂಕ್ ಹೇಳುವುದು ಮತ್ತೊಂದು. ತೊಗರಿ ಹಡಗಿನಲ್ಲಿ ಬರುತ್ತದೆ, ಎಣಿಸಬಹುದು. ಸೇವೆಗಳನ್ನು ಯಾರು, ಎಲ್ಲಿ ನಿಂತು ಎಣಿಸುತ್ತಾರೆ? ನನ್ನ ತಂಗಿ ಮನೆಯಲ್ಲೇ ಕೂತು ಅಮೆರಿಕದ ಕಂಪನಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತಾಳೆ. ಅಣ್ಣ ದುಬೈನಿಂದ ದುಡ್ಡು ಕಳಿಸುತ್ತಾನೆ. ಇವೆರಡೂ ರಫ್ತೇನಾ? ನಮ್ಮ ಬೇಳೆ ಮುಂಬೈ ವ್ಯಾಪಾರಿಯ ಕೈಯಿಂದ ಹೊರಗೆ ಹೋದರೆ ಕಲಬುರಗಿ ಲೆಕ್ಕಕ್ಕೆ ಬರುತ್ತದಾ?

ಉತ್ತರ: ನಿಮ್ಮ ತಂಗಿ, ಅಣ್ಣನಿಂದಲೇ ಶುರು ಮಾಡೋಣ. ತಂಗಿಯ ಕೆಲಸ ಸೇವಾ ರಫ್ತು. ಅಣ್ಣ ಕಳಿಸುವ ದುಡ್ಡು ರಫ್ತೂ ಅಲ್ಲ, ಆಮದೂ ಅಲ್ಲ. ಇಬ್ಬರ ದುಡ್ಡೂ ಹೊರದೇಶದಿಂದಲೇ ನಿಮ್ಮ ಮನೆಗೆ ಬರುತ್ತದೆ. ಆದರೂ ಒಂದು ವ್ಯಾಪಾರ, ಇನ್ನೊಂದು ಅಲ್ಲ.

ಲೆಕ್ಕ ಹಾಕುವವರು ಮೊದಲು ಕೇಳುವುದು ಒಂದೇ ಮಾತು: ಈ ಮನುಷ್ಯ ಯಾವ ದೇಶದ ನಿವಾಸಿ? ಪಾಸ್‌ಪೋರ್ಟ್ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಎಲ್ಲಿ ನೆಲೆಸಿದ್ದಾನೋ, ನೆಲೆಸುವ ಉದ್ದೇಶವಿದೆಯೋ, ಆ ದೇಶದ ನಿವಾಸಿ. ತಂಗಿ ಕಲಬುರಗಿಯ ನಿವಾಸಿ. ತನ್ನ ಕೆಲಸವನ್ನು ಅಮೆರಿಕದ ನಿವಾಸಿಗೆ ಮಾರುತ್ತಿದ್ದಾಳೆ. ಅದು ರಫ್ತು. ಅಣ್ಣ ದುಬೈನಲ್ಲಿ ವರ್ಷಗಟ್ಟಲೆ ಇದ್ದಾನೆ ಅಂದರೆ ಲೆಕ್ಕದ ಮಟ್ಟಿಗೆ ಅವನು ಯುಎಇ ನಿವಾಸಿ. ಅವನ ದುಡಿಮೆ ಅಲ್ಲೇ ಮಾರಾಟವಾಯಿತು. ಮನೆಗೆ ಕಳಿಸಿದ ದುಡ್ಡಿಗೆ ಬದಲಾಗಿ ಇಲ್ಲಿಂದ ಏನೂ ಹೋಗಲಿಲ್ಲ. ಹಾಗಾಗಿ ಅದು ವರ್ಗಾವಣೆ.

ತಂಗಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಆಕೆ ಸ್ವತಂತ್ರವಾಗಿ ಬಿಲ್ ಮಾಡಿ ದುಡ್ಡು ಪಡೆದರೆ ಅದು ಸೇವಾ ರಫ್ತು. ಆ ಕಂಪನಿಯದೇ ಬೆಂಗಳೂರು ಅಥವಾ ಹೈದರಾಬಾದ್ ಘಟಕದಲ್ಲಿ ನೌಕರಿ ಇದ್ದರೆ ಆಕೆಯ ಸಂಬಳ ದೇಶದ ಒಳಗಿನ ವ್ಯವಹಾರ. ಆ ಘಟಕ ಅಮೆರಿಕದ ಮಾತೃ ಸಂಸ್ಥೆಗೆ ಮಾಡುವ ಬಿಲ್ ರಫ್ತು. ಇಲ್ಲಿ ಯಾವ ಘಟಕವೂ ಇಲ್ಲದೆ ನೇರವಾಗಿ ಅಮೆರಿಕದ ಕಂಪನಿಯ ನೌಕರಳಾಗಿದ್ದರೆ ಅದು ವ್ಯಾಪಾರದ ಬದಲು ಆದಾಯದ ಖಾತೆಗೆ ಹೋಗುತ್ತದೆ. ಕೆಲಸ ಒಂದೇ, ಲ್ಯಾಪ್‌ಟಾಪ್ ಒಂದೇ. ಕರಾರು ಹೇಗಿದೆಯೋ ಹಾಗೆ ಖಾತೆ ಬದಲಾಗುತ್ತದೆ.

ಈಗ ಸರಕಿನ ಲೆಕ್ಕಕ್ಕೆ ಬರೋಣ. ಹೊರಗೆ ಹೋಗುವ ಸರಕಿಗೆ ಕಸ್ಟಮ್ಸ್‌ನಲ್ಲಿ ಶಿಪ್ಪಿಂಗ್ ಬಿಲ್ ಹಾಕಬೇಕು. ಒಳಗೆ ಬರುವುದಕ್ಕೆ ಬಿಲ್ ಆಫ್ ಎಂಟ್ರಿ. ಏನು ಸರಕು, ಎಷ್ಟು ತೂಕ, ಎಷ್ಟು ಬೆಲೆ, ಯಾವ ದೇಶ, ಎಲ್ಲವೂ ಅದರಲ್ಲಿರುತ್ತದೆ. ದೇಶದ ಎಲ್ಲ ಬಂದರು, ವಿಮಾನ ನಿಲ್ದಾಣ, ಗಡಿ ಠಾಣೆಗಳ ಈ ದಾಖಲೆಗಳನ್ನು ಕೋಲ್ಕತ್ತದಲ್ಲಿರುವ ಡಿಜಿಸಿಐಎಸ್ ಎಂಬ ಕೇಂದ್ರ ಸರ್ಕಾರಿ ಕಚೇರಿ ಒಟ್ಟು ಮಾಡುತ್ತದೆ. ತಿಂಗಳ ಮಧ್ಯದಲ್ಲಿ, 15ನೇ ತಾರೀಖಿನ ಹೊತ್ತಿಗೆ, ವಾಣಿಜ್ಯ ಸಚಿವಾಲಯ ಹಿಂದಿನ ತಿಂಗಳ ಅಂಕಿ ಪ್ರಕಟಿಸುತ್ತದೆ. ನೀವು ಪೇಪರಿನಲ್ಲಿ ಓದುವ ವ್ಯಾಪಾರ ಕೊರತೆ, ಅಂದರೆ ರಫ್ತಿಗಿಂತ ಆಮದು ಎಷ್ಟು ಜಾಸ್ತಿ ಅನ್ನುವುದು, ಇದರಿಂದಲೇ ಬರುತ್ತದೆ.

ಗಡಿ ದಾಟಿದ್ದೆಲ್ಲ ವ್ಯಾಪಾರ ಅಲ್ಲ. ಕೋಲ್ಕತ್ತ ಬಂದರಿಗೆ ಇಳಿದು ನೇರವಾಗಿ ನೇಪಾಳಕ್ಕೆ ಹೋಗುವ ಸರಕು ನಮ್ಮ ಆಮದಿಗೆ ಸೇರುವುದಿಲ್ಲ. ಬೀದರ್‌ನ ಕುಶಲಕರ್ಮಿ ಬಿದರಿ ಹೂಜಿಯನ್ನು ಹೊರದೇಶದ ಪ್ರದರ್ಶನಕ್ಕೆ ಒಯ್ದು ವಾಪಸ್ ತಂದರೆ ಅದು ರಫ್ತಲ್ಲ, ಅಲ್ಲಿ ಮಾರಿದರೆ ರಫ್ತು. ರಿಸರ್ವ್ ಬ್ಯಾಂಕ್ ಬ್ರಿಟನ್ನಿನಲ್ಲಿ ಇಟ್ಟಿದ್ದ ತನ್ನದೇ ಸುಮಾರು 100 ಟನ್ ಚಿನ್ನವನ್ನು ವಾಪಸ್ ತರಿಸಿಕೊಂಡ ಸುದ್ದಿ 2024ರಲ್ಲಿ ಬಂತು. ಅದೂ ಆಮದು ಅಲ್ಲ. ಆಭರಣದ ಅಂಗಡಿಗೆ ಬರುವ ಚಿನ್ನ ಮಾತ್ರ ಆಮದು.

ಇನ್ನು ಬೆಲೆ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಒಂದು ಟನ್ ತೊಗರಿ ಹೊರಟಿತು ಅಂತ ಇಟ್ಟುಕೊಳ್ಳಿ. ಹಡಗಿಗೆ ಏರಿಸುವ ಹೊತ್ತಿಗೆ ಅದರ ಬೆಲೆ 700 ಡಾಲರ್. ಹಡಗಿನ ಬಾಡಿಗೆ, ವಿಮೆ ಸೇರಿ 60 ಡಾಲರ್. ಮೊಜಾಂಬಿಕ್ ತನ್ನ ರಫ್ತಿನಲ್ಲಿ 700 ಬರೆಯುತ್ತದೆ. ನಮ್ಮ ಕಸ್ಟಮ್ಸ್ ಆಮದಿನಲ್ಲಿ 760 ಬರೆಯುತ್ತದೆ. ರಫ್ತನ್ನು ಹಡಗು ಏರಿಸುವವರೆಗಿನ ಬೆಲೆಯಲ್ಲಿ ಬರೆಯುವುದಕ್ಕೆ ಎಫ್‌ಒಬಿ ಅನ್ನುತ್ತಾರೆ. ಆಮದನ್ನು ಬಾಡಿಗೆ, ವಿಮೆ ಸೇರಿಸಿ ಬರೆಯುವುದು ಸಿಐಎಫ್. ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ, ಅಂಕಿ ಮಾತ್ರ ಹೊಂದುವುದಿಲ್ಲ. ಹಡಗು ಡಿಸೆಂಬರ್ ಕೊನೆಗೆ ಹೊರಟು ಜನವರಿಯಲ್ಲಿ ಮುಟ್ಟಿದರೆ ವರ್ಷವೂ ಬದಲಾಗುತ್ತದೆ. ನಡುವೆ ಸಿಂಗಪುರದ ವ್ಯಾಪಾರಿಯೊಬ್ಬ ಬಿಲ್ ಮಾಡಿದ್ದರೆ ದೇಶದ ಹೆಸರೂ ಬದಲಾಗಬಹುದು. ಭಾರತಕ್ಕೆ ಇಷ್ಟು ಮಾರಿದೆ ಅಂತ ಚೀನಾ ಹೇಳುವ ಅಂಕಿಯೂ, ಚೀನಾದಿಂದ ಇಷ್ಟು ಕೊಂಡೆವು ಅಂತ ನಾವು ಹೇಳುವ ಅಂಕಿಯೂ ಹೊಂದದಿರುವುದಕ್ಕೆ ಇಂಥ ಕಾರಣಗಳೂ ಇವೆ. ಬೇಕಂತಲೇ ಬೆಲೆ ಕಮ್ಮಿ ತೋರಿಸುವವರೂ ಇರುತ್ತಾರೆ. ಆದರೆ ವ್ಯತ್ಯಾಸ ಕಂಡ ಕೂಡಲೇ ಮೋಸ ಅನ್ನುವುದು ತಪ್ಪು.

ಆ 60 ಡಾಲರನ್ನು ಸ್ವಲ್ಪ ನೋಡಿ. ಹಡಗು ವಿದೇಶಿ ಕಂಪನಿಯದಾದರೆ ಆ ಬಾಡಿಗೆ ನಿಜವಾಗಿ ಸೇವೆಯ ಆಮದು. ಸಾಗಣೆ ಸೇವೆಯನ್ನು ನಾವು ಹೊರಗಿನವರಿಂದ ಕೊಂಡಿದ್ದೇವೆ. ಅದನ್ನು ತೊಗರಿಯ ಬೆಲೆಯಲ್ಲೂ ಸೇರಿಸಿ, ಸೇವೆಯಲ್ಲೂ ಬರೆದರೆ ಎರಡು ಸಲ ಎಣಿಸಿದಂತೆ. ಒಂದು ದೇಶದ ನಿವಾಸಿಗಳಿಗೂ ಹೊರದೇಶದವರಿಗೂ ನಡುವೆ ನಡೆಯುವ ಎಲ್ಲ ವ್ಯವಹಾರದ ಲೆಕ್ಕಕ್ಕೆ ಪಾವತಿ ಬಾಕಿ (ಬ್ಯಾಲೆನ್ಸ್ ಆಫ್ ಪೇಮೆಂಟ್ಸ್) ಅನ್ನುತ್ತಾರೆ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2009ರಲ್ಲಿ ತಂದ ಪಾವತಿ ಬಾಕಿ ಕೈಪಿಡಿಯ ಆರನೇ ಆವೃತ್ತಿ ಅದಕ್ಕೇ, ಆಮದು ರಫ್ತು ಎರಡನ್ನೂ ಎಫ್‌ಒಬಿ ಬೆಲೆಯಲ್ಲೇ ಇಟ್ಟು ಬಾಡಿಗೆ ವಿಮೆಯನ್ನು ಸೇವೆಯ ಕಡೆಗೆ ಸರಿಸಿ ಅನ್ನುತ್ತದೆ.

ರಿಸರ್ವ್ ಬ್ಯಾಂಕಿನ ಅಂಕಿ ಬೇರೆ ಇರುವುದರ ಗುಟ್ಟೂ ಈ ಕೈಪಿಡಿಯಲ್ಲೇ ಇದೆ. ಕಸ್ಟಮ್ಸ್ ನೋಡುವುದು ಸರಕು ಗಡಿ ದಾಟಿತೇ ಅಂತ. ಪಾವತಿ ಬಾಕಿಯ ಲೆಕ್ಕ ನೋಡುವುದು ಸರಕಿನ ಒಡೆತನ ಒಬ್ಬ ನಿವಾಸಿಯಿಂದ ಇನ್ನೊಂದು ದೇಶದ ನಿವಾಸಿಗೆ ಹೋಯಿತೇ ಅಂತ. ರಕ್ಷಣಾ ಸಾಮಗ್ರಿಯಂಥ, ಮಾಮೂಲಿ ಕಸ್ಟಮ್ಸ್ ಅಂಕಿಯಲ್ಲಿ ಕಾಣದ ಖರೀದಿಯೂ ಇಲ್ಲಿ ಸೇರಬೇಕು. 2024–25ಕ್ಕೆ ವಾಣಿಜ್ಯ ಸಚಿವಾಲಯ ಮೊದಲು ಹೇಳಿದ ಸರಕು ವ್ಯಾಪಾರದ ಕೊರತೆ ಸುಮಾರು 283 ಶತಕೋಟಿ ಡಾಲರ್. ರಿಸರ್ವ್ ಬ್ಯಾಂಕ್ ಹೇಳಿದ್ದು ಸುಮಾರು 287. ಎರಡೂ ನಿಜ. ಕೇಳಿದ ಪ್ರಶ್ನೆಗಳೇ ಬೇರೆ ಬೇರೆ.

ಒಡೆತನದ ಈ ಮಾತು ದಾಲ್ ಮಿಲ್‌ನವರಿಗೆ ಬೇಗ ಅರ್ಥವಾಗುತ್ತದೆ. ನಿಮ್ಮಲ್ಲಿ ಎರಡು ಥರದ ಕೆಲಸ ಇರುತ್ತದೆ ಅಲ್ವಾ? ತೊಗರಿ ಕೊಂಡು, ಬೇಳೆ ಮಾಡಿ, ನಿಮ್ಮದೇ ಹೆಸರಲ್ಲಿ ಮಾರುವುದು ಒಂದು. ಬೇರೆಯವರ ತೊಗರಿಯನ್ನು ಒಡೆದುಕೊಟ್ಟು ಕ್ವಿಂಟಾಲಿಗೆ ಇಷ್ಟು ಅಂತ ಕೂಲಿ ಪಡೆಯುವುದು ಇನ್ನೊಂದು. ಎರಡನೆಯದರಲ್ಲಿ ಪೂರ್ತಿ ಬೇಳೆಯ ಬೆಲೆಯನ್ನು ನಿಮ್ಮ ಮಾರಾಟ ಅಂತ ಬರೆಯುತ್ತೀರಾ? ಇಲ್ಲ, ಕೂಲಿಯನ್ನು ಮಾತ್ರ ಬರೆಯುತ್ತೀರಿ. ದೇಶದ ಲೆಕ್ಕವೂ ಹಾಗೆಯೇ. ದುಬೈ ವ್ಯಾಪಾರಿಯೊಬ್ಬ ಮೊಜಾಂಬಿಕ್ ತೊಗರಿಯನ್ನು ತನ್ನ ಒಡೆತನದಲ್ಲೇ ಇಟ್ಟುಕೊಂಡು ಕಲಬುರಗಿಗೆ ಕಳಿಸಿ, ಒಡೆಸಿ, ಬೇಳೆಯನ್ನು ದುಬೈಗೆ ತರಿಸಿಕೊಂಡ ಅಂದುಕೊಳ್ಳಿ. ಕಸ್ಟಮ್ಸ್ ಲೆಕ್ಕದಲ್ಲಿ ತೊಗರಿಯ ಪೂರ್ತಿ ಬೆಲೆ ಆಮದು, ಬೇಳೆಯ ಪೂರ್ತಿ ಬೆಲೆ ರಫ್ತು. ಪಾವತಿ ಬಾಕಿಯ ಲೆಕ್ಕದಲ್ಲಿ ಸರಕು ಏನೂ ಇಲ್ಲ, ಒಡೆಯುವ ಕೂಲಿ ಮಾತ್ರ ಸೇವೆಯ ರಫ್ತು. ಬೇರೆಯವರ ಮಾಲಿನ ಮೇಲೆ ಮಾಡಿದ ಕೆಲಸಕ್ಕೆ ಕೈಪಿಡಿಯಲ್ಲಿ ಪ್ರತ್ಯೇಕ ಬಾಬತ್ತೇ ಇದೆ.

ತೊಗರಿಯನ್ನು ನೀವೇ ಕೊಂಡು ಒಡೆದು ರಫ್ತು ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. 760 ಡಾಲರಿನ ಮಾಲು ತಂದು 900ಕ್ಕೆ ಮಾರಿದರೆ ರಫ್ತು 900 ಅಂತ ದಾಖಲಾಗುತ್ತದೆ. ದೇಶಕ್ಕೆ ಉಳಿದದ್ದು 140. ಕಚ್ಚಾ ತೈಲ ತಂದು ಡೀಸೆಲ್, ಪೆಟ್ರೋಲ್ ಮಾಡಿ ಮಾರುವ ಜಾಮ್‌ನಗರದ ರಿಫೈನರಿಯಲ್ಲಿ ಇದೇ ಸಂಗತಿ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ಕಚ್ಚಾ ತೈಲದ ಬೆಲೆ ಏರಿದಾಗ ನಮ್ಮ ಆಮದೂ ಹಿಗ್ಗುತ್ತದೆ, ರಫ್ತೂ ಹಿಗ್ಗುತ್ತದೆ. ರಫ್ತಿನಲ್ಲಿ ನಮ್ಮ ದುಡಿಮೆಯ ಪಾಲು ಎಷ್ಟು ಅಂತ ತಿಳಿಯಲು 2013ರಿಂದ ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಮತ್ತು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಸೇರಿ ಮೌಲ್ಯವರ್ಧನೆಯ ಬೇರೆ ಅಂಕಿಗಳನ್ನು ಕೊಡುತ್ತಿವೆ. ನನಗೆ ಕೇಳಿದರೆ ರಫ್ತು ಇಷ್ಟು ಪಟ್ಟು ಬೆಳೆಯಿತು ಅನ್ನುವ ಸುದ್ದಿಯ ಪಕ್ಕದಲ್ಲಿ ಈ ಅಂಕಿಯನ್ನೂ ಹಾಕಬೇಕು. ಅದಿಲ್ಲದೆ ಓದುಗರಿಗೆ ಅರ್ಧ ವಿಷಯ ಮಾತ್ರ ಸಿಗುತ್ತದೆ.

ಅದೇ ತಿಂಗಳಿಗೆ ಅಂಕಿ ಆಮೇಲೆ ಬದಲಾಗುವುದು ಯಾಕೆ ಅಂತ ಕೇಳಿದ್ದೀರಿ. ತಡವಾಗಿ ಬರುವ ದಾಖಲೆ, ತಿದ್ದುಪಡಿಯಾದ ಬಿಲ್ಲು, ಇವು ಯಾವಾಗಲೂ ಇರುವಂಥವು. ಒಮ್ಮೊಮ್ಮೆ ದೊಡ್ಡ ಎಡವಟ್ಟೂ ಆಗುತ್ತದೆ. 2024ರ ನವೆಂಬರ್‌ನಲ್ಲಿ 14.8 ಶತಕೋಟಿ ಡಾಲರ್ ಚಿನ್ನ ಆಮದಾಗಿದೆ ಅಂತ ಮೊದಲು ಪ್ರಕಟವಾಯಿತು. ಆ ತಿಂಗಳ ವ್ಯಾಪಾರ ಕೊರತೆ ದಾಖಲೆ ಮಟ್ಟಕ್ಕೆ ಏರಿತು. ಕೆಲವೇ ವಾರಗಳಲ್ಲಿ ಚಿನ್ನದ ಅಂಕಿ 9.8 ಶತಕೋಟಿಗೆ ಇಳಿಯಿತು. ಸುಂಕದ ವಿನಾಯಿತಿ ಇರುವ ವಿಶೇಷ ಆರ್ಥಿಕ ವಲಯಗಳ ದಾಖಲೆಗಳನ್ನು ಬೇರೆ ಕಂಪ್ಯೂಟರ್ ವ್ಯವಸ್ಥೆಗೆ ಬದಲಾಯಿಸುವಾಗ ಒಂದೇ ಚಿನ್ನ ಎರಡು ಸಲ ಎಣಿಕೆಯಾಗಿತ್ತು. ವಲಯದ ಒಳಗೆ ಬಂದಾಗ ಒಮ್ಮೆ, ಅಲ್ಲಿಂದ ದೇಶದ ಮಾರುಕಟ್ಟೆಗೆ ಬಿಟ್ಟಾಗ ಇನ್ನೊಮ್ಮೆ. ಐದು ಶತಕೋಟಿ ಡಾಲರ್ ಅಂದರೆ ಸಣ್ಣ ಮೊತ್ತ ಅಲ್ಲ. ತಪ್ಪನ್ನು ಒಪ್ಪಿಕೊಂಡು ತಿದ್ದಿದ್ದು ಒಳ್ಳೆಯದೇ ಆಯಿತು. ತಿದ್ದುಪಡಿಯೇ ಬರದ ಅಂಕಿಗಿಂತ ತಿದ್ದುಪಡಿಯಾಗುವ ಅಂಕಿಯನ್ನು ನಾನು ಜಾಸ್ತಿ ನಂಬುತ್ತೇನೆ. ಆದರೆ ಮೊದಲ ದಿನದ ಅಂಕಿ ನೋಡಿ ಯಾರೂ ಮಾಲು ಹಿಡಿದಿಡುವ, ಬಿಡುವ ತೀರ್ಮಾನ ಮಾಡಬಾರದು.

ಇನ್ನು ಸೇವೆಗಳು. ಇವಕ್ಕೆ ಬಂದರಿಲ್ಲ, ಕಸ್ಟಮ್ಸ್ ಇಲ್ಲ, ತೂಕವಿಲ್ಲ. ಹಾಗಾಗಿ ದುಡ್ಡಿನ ಜಾಡು ಹಿಡಿಯಬೇಕು. ಆ ಜಾಡು ಬ್ಯಾಂಕಿನಲ್ಲಿದೆ. ಹೊರದೇಶದಿಂದ ಬರುವ, ಹೊರದೇಶಕ್ಕೆ ಹೋಗುವ ಪ್ರತಿ ಪಾವತಿಗೂ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಉದ್ದೇಶ ಸಂಕೇತ ಹಾಕಬೇಕು. ಇದಕ್ಕೆ ಪರ್ಪಸ್ ಕೋಡ್ ಅನ್ನುತ್ತಾರೆ. ಸಾಫ್ಟ್‌ವೇರ್ ಸಲಹೆ ಕೆಲಸಕ್ಕೆ ಪಿ0802. ಅನಿವಾಸಿಗಳು ಮನೆ ಖರ್ಚಿಗೆ ಕಳಿಸುವ ದುಡ್ಡಿಗೆ ಪಿ1301. ನಿಮ್ಮ ತಂಗಿಯ ದುಡ್ಡು ಮೊದಲನೆಯದರಲ್ಲಿ, ಅಣ್ಣನದು ಎರಡನೆಯದರಲ್ಲಿ ಬರಬೇಕು. ಬ್ಯಾಂಕಿನಲ್ಲಿ ಅವಸರಕ್ಕೆ ಯಾವುದೋ ಒಂದು ಹಾಕಿದರೆ, ತಂಗಿಯ ರಫ್ತು ಕುಟುಂಬದ ದುಡ್ಡಾಗಿ ಬಿಡುತ್ತದೆ. ಒಬ್ಬರದು ಸಣ್ಣ ಮೊತ್ತ. ಲಕ್ಷಾಂತರ ಮಂದಿ ಸ್ವತಂತ್ರ ಕೆಲಸಗಾರರದು ಸೇರಿದರೆ ದೊಡ್ಡದಾಗುತ್ತದೆ. ಆಕೆಯ ಹಣ ಬಂದಾಗ ಬ್ಯಾಂಕಿನ ಸಂದೇಶದಲ್ಲಿ ಯಾವ ಕೋಡ್ ಇದೆ ಅಂತ ಒಮ್ಮೆ ನೋಡಿಕೊಳ್ಳಲು ಹೇಳಿ. ತೆರಿಗೆ ಲೆಕ್ಕಕ್ಕೂ ಅದು ಬೇಕಾಗುತ್ತದೆ.

ಎಲ್ಲ ಸೇವೆಯೂ ಬ್ಯಾಂಕಿನ ಜಾಡಿನಲ್ಲಿ ಸಿಗುವುದಿಲ್ಲ. ಬೀದರ್‌ನ ನಾನಕ್ ಝೀರಾ ಗುರುದ್ವಾರಕ್ಕೆ ಕೆನಡಾದಿಂದ ಒಂದು ಕುಟುಂಬ ಬರುತ್ತದೆ. ಟ್ಯಾಕ್ಸಿ, ಹೋಟೆಲ್, ಊಟ, ಕೊನೆಗೆ ಒಂದು ಬಿದರಿ ಡಬ್ಬಿ. ಇದೆಲ್ಲ ಭಾರತದ ಪ್ರವಾಸ ಸೇವೆಯ ರಫ್ತು. ಅವರು ಇಲ್ಲಿಗೆ ಬಂದು ಖರ್ಚು ಮಾಡಿದ್ದರೂ ಸರಿ, ಕೊಂಡವರು ಹೊರದೇಶದ ನಿವಾಸಿಗಳು. ಕೈಯಲ್ಲಿ ಒಯ್ದ ಡಬ್ಬಿಯೂ ಪ್ರವಾಸದ ಬಾಬತ್ತಿಗೇ ಸೇರುತ್ತದೆ. ಇದನ್ನು ಬಿಲ್ಲು ಬಿಲ್ಲಾಗಿ ಯಾರೂ ಎಣಿಸಲಾರರು. ಬಂದವರ ಸಂಖ್ಯೆ, ಸಮೀಕ್ಷೆಯಿಂದ ಸಿಗುವ ಸರಾಸರಿ ಖರ್ಚು, ಕಾರ್ಡ್ ಬಳಕೆ, ನೋಟು ವಿನಿಮಯ, ಇವನ್ನೆಲ್ಲ ಸೇರಿಸಿ ಅಂದಾಜು ಮಾಡಬೇಕು. ಇದರ ಎದುರು ದಿಕ್ಕಿನಲ್ಲಿ ಕಲಬುರಗಿಯಿಂದ ಹಜ್‌ಗೆ ಹೋದವರು ಸೌದಿಯಲ್ಲಿ ಮಾಡುವ ಖರ್ಚು ನಮ್ಮ ಸೇವಾ ಆಮದು. ಯಾದಗಿರಿಯ ಹುಡುಗ ಜರ್ಮನಿಯಲ್ಲಿ ಓದುತ್ತಿದ್ದರೆ ಅವನ ಫೀಸು, ಖೋಲಿ ಬಾಡಿಗೆ, ಊಟ ಎಲ್ಲವೂ ಸೇವಾ ಆಮದೇ. ಒಂದು ವರ್ಷ ದಾಟಿದರೂ ವಿದ್ಯಾರ್ಥಿಯನ್ನು ತನ್ನ ಮೂಲ ದೇಶದ ನಿವಾಸಿ ಅಂತಲೇ ಎಣಿಸುತ್ತಾರೆ. ಚಿಕಿತ್ಸೆಗೆ ಹೋದವರಿಗೂ ಇದೇ ವಿನಾಯಿತಿ ಇದೆ.

ಇನ್ನು ಕೆಲವು ಸೇವೆಗಳು ಗಡಿಯನ್ನೇ ದಾಟುವುದಿಲ್ಲ. ಬೆಂಗಳೂರಿನ ಕಂಪನಿ ಅಮೆರಿಕದಲ್ಲಿ ಒಂದು ಅಂಗಸಂಸ್ಥೆ ತೆರೆದು ಅಲ್ಲಿನವರಿಗೇ ಸೇವೆ ಮಾರಿದರೆ, ಅದು ಡಬ್ಲ್ಯುಟಿಒ ಸೇವಾ ಒಪ್ಪಂದದ ಪ್ರಕಾರ ಸೇವಾ ವ್ಯಾಪಾರದ ನಾಲ್ಕು ದಾರಿಗಳಲ್ಲಿ ಒಂದು. ಪಾವತಿ ಬಾಕಿಯಲ್ಲಿ ಮಾತ್ರ ರಫ್ತು ಅಂತ ಬರುವುದಿಲ್ಲ. ಯಾಕೆಂದರೆ ಆ ಅಂಗಸಂಸ್ಥೆ ಅಮೆರಿಕದ ನಿವಾಸಿ. ಇಂಥ ಮಾರಾಟ ತಿಳಿಯಲು ರಿಸರ್ವ್ ಬ್ಯಾಂಕ್ ಸಾಫ್ಟ್‌ವೇರ್ ಕಂಪನಿಗಳ ವಾರ್ಷಿಕ ಸಮೀಕ್ಷೆ ಮಾಡುತ್ತದೆ. ಸಾಫ್ಟ್‌ವೇರ್ ರಫ್ತಿಗೆ ಒಂದಕ್ಕಿಂತ ಹೆಚ್ಚು ಅಂಕಿ ಓಡಾಡುವುದು ಇದರಿಂದಲೂ ಹೌದು.

ಸೇವೆಯ ತಿಂಗಳ ಅಂಕಿ ರಿಸರ್ವ್ ಬ್ಯಾಂಕಿನಿಂದ ಬರಲು ಸುಮಾರು 45 ದಿನ ಬೇಕು. ವಾಣಿಜ್ಯ ಸಚಿವಾಲಯ 15ನೇ ತಾರೀಖಿಗೇ ಸರಕು ಸೇವೆ ಎರಡನ್ನೂ ಸೇರಿಸಿ ಹೇಳುತ್ತದೆ. ಆ ಹೊತ್ತಿಗೆ ಇತ್ತೀಚಿನ ತಿಂಗಳ ಸೇವೆಯ ಅಂಕಿ ಬರೀ ಅಂದಾಜು. ಪ್ರಕಟಣೆಯ ಕೆಳಗೆ ಅದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ, ಪೇಪರಿನವರು ಬಿಟ್ಟುಬಿಡುತ್ತಾರೆ.

ಎಲ್ಲ ಸೇರಿಸಿದರೆ ಚಿತ್ರ ಹೇಗೆ ಕಾಣುತ್ತದೆ? 2024–25ರಲ್ಲಿ ರಿಸರ್ವ್ ಬ್ಯಾಂಕಿನ ಪ್ರಕಾರ ಸರಕಿನಲ್ಲಿ 287 ಶತಕೋಟಿ ಡಾಲರ್ ಕೊರತೆ. ಸೇವೆಗಳಲ್ಲಿ ಸುಮಾರು 189 ಶತಕೋಟಿ ಹೆಚ್ಚುವರಿ. ಹೊರಗಿನವರಿಗೆ ನಾವು ಕಟ್ಟುವ ಬಡ್ಡಿ, ಲಾಭಾಂಶವನ್ನೂ ಕಳೆಯಿರಿ. ಆಮೇಲೆ ನಿಮ್ಮ ಅಣ್ಣನಂಥವರು ಕಳಿಸಿದ ದುಡ್ಡು ಸೇರಿಸಿ. ಆ ವರ್ಷ ಅದು ಒಟ್ಟು ಸುಮಾರು 135 ಶತಕೋಟಿ. ಇದೆಲ್ಲ ಕೂಡಿ ಕಳೆದ ಮೇಲೆ ಉಳಿಯುವುದಕ್ಕೆ ಚಾಲ್ತಿ ಖಾತೆ ಅನ್ನುತ್ತಾರೆ. ಅದರ ಕೊರತೆ 23 ಶತಕೋಟಿ, ಜಿಡಿಪಿಯ ಶೇ 0.6. ಅಣ್ಣನ ದುಡ್ಡು ವ್ಯಾಪಾರದ ಅಂಕಿಯಲ್ಲಿ ಇಲ್ಲ ಅಂದೆ. ಆದರೆ ಸರಕಿನ ಅಷ್ಟು ದೊಡ್ಡ ಕೊರತೆಯನ್ನು ದೇಶ ತಡೆದುಕೊಂಡಿರುವುದು ತಂಗಿಯಂಥವರ ಕೆಲಸ, ಅಣ್ಣನಂಥವರ ದುಡ್ಡು, ಎರಡೂ ಸೇರಿ.

ನಿಮ್ಮ ಕಸುಬಿಗೆ ನೇರವಾಗಿ ಬೇಕಾದದ್ದು ತೊಗರಿಯ ಅಂಕಿ. ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ಕೋಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸರಕನ್ನು ಹೆಸರಿಗಿಂತ ಎಚ್‌ಎಸ್ ಕೋಡ್ ಹಾಕಿ ಹುಡುಕುವುದು ಒಳ್ಳೆಯದು. 1988ರಿಂದ ಜಗತ್ತಿನ ಬಹುತೇಕ ದೇಶಗಳು ಬಳಸುವ ಪಟ್ಟಿ ಇದು. ಮೊದಲ ಆರು ಅಂಕಿ ಎಲ್ಲರಿಗೂ ಒಂದೇ, ಭಾರತದಲ್ಲಿ ಎಂಟು. ತೊಗರಿಗೆ 071360. ಆರು ಅಂಕಿಯ ಮಟ್ಟದಲ್ಲಿ ಇಡೀ ತೊಗರಿಗೂ ಒಡೆದ ಬೇಳೆಗೂ ಇದೊಂದೇ ಕೋಡ್. ಇಡೀ ತೊಗರಿ ಬಂದರೆ ಮಿಲ್ಲಿಗೆ ಕೆಲಸ, ಬೇಳೆಯೇ ಬಂದರೆ ಕೆಲಸ ಇಲ್ಲ. ಕಲಬುರಗಿಗೆ ಇದು ಜೀವಾಳದ ವ್ಯತ್ಯಾಸ. ಬೇರೆ ದೇಶಗಳ ಅಂಕಿಯ ಜೊತೆ ಹೋಲಿಸುವಾಗ ಈ ಮಾತು ಮನಸ್ಸಿನಲ್ಲಿರಲಿ.

ಇನ್ನೊಂದು, ಬೆಲೆಯ ಕಾಲಂ ಬಿಟ್ಟು ಪ್ರಮಾಣದ ಕಾಲಂ ನೋಡಿ. ಬೆಲೆ ಏರಿದ ವರ್ಷ ಕಮ್ಮಿ ತೊಗರಿ ಬಂದರೂ ಡಾಲರ್ ಜಾಸ್ತಿ ಕಾಣುತ್ತದೆ. 2023–24ರಲ್ಲಿ ಸುಮಾರು 7.7 ಲಕ್ಷ ಟನ್ ತೊಗರಿ ಬಂತು. 2024–25ರಲ್ಲಿ ಅದು 12 ಲಕ್ಷ ಟನ್ ದಾಟಿತು. ಆಗ ಆಮದಿಗೆ ಮಿತಿ ಇರಲಿಲ್ಲ, ಅದನ್ನು 2021ರ ಮೇ ತಿಂಗಳಲ್ಲೇ ತೆಗೆದಿದ್ದರು. 2023ರ ಮಾರ್ಚ್‌ನಲ್ಲಿ ಇಡೀ ತೊಗರಿಯ ಮೇಲಿನ ಸುಂಕವನ್ನೂ ತೆಗೆದಿದ್ದರು. 2025ರ ಆರಂಭದಲ್ಲಿ ನಮ್ಮ ರೈತರ ತೊಗರಿ ಗಂಜ್‌ಗೆ ಬರುವ ಹೊತ್ತಿಗೆ ದರ 7,550 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಇಳಿದದ್ದು ನಿಮಗೆ ನೆನಪಿರುತ್ತದೆ. ಫಸಲು, ಹವೆ, ಸರ್ಕಾರದ ಖರೀದಿ, ದರಕ್ಕೆ ಕಾರಣ ಹಲವು. ಆದರೆ ಆಫ್ರಿಕಾದ ತೊಗರಿ ಕೊಯ್ಲಾಗುವುದು ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ. ಅದು ಇಲ್ಲಿಗೆ ಬಂದು ಮುಟ್ಟಿದ ಬೆನ್ನಿಗೇ ನಮ್ಮ ಫಸಲಿನ ಕಾಲ ಶುರುವಾಗುತ್ತದೆ. ಆ ತಿಂಗಳುಗಳ ಟನ್ ಲೆಕ್ಕವನ್ನು ನಮ್ಮ ರೈತ ಸಂಘಟನೆಗಳು, ಅಡತ್ ಅಂಗಡಿಯವರು ತಪ್ಪದೆ ನೋಡಬೇಕು. ಸರ್ಕಾರದ ಮುಂದೆ ವಾದ ಮಾಡಲು ಅದಕ್ಕಿಂತ ಗಟ್ಟಿ ಆಧಾರ ಸಿಗುವುದಿಲ್ಲ.

ಕೊನೆಯದಾಗಿ ಮುಂಬೈ ವ್ಯಾಪಾರಿಯ ಮಾತು. 2020ರ ಫೆಬ್ರವರಿಯಿಂದ ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕು ಯಾವ ರಾಜ್ಯ, ಯಾವ ಜಿಲ್ಲೆಯಲ್ಲಿ ತಯಾರಾಯಿತು ಅಂತ ಬರೆಯುವುದು ಕಡ್ಡಾಯ. ಅಂದರೆ ನಿಮ್ಮ ಬೇಳೆ ಮುಂಬೈ ಹತ್ತಿರದ ನವಾ ಶೇವಾ ಬಂದರಿನಿಂದ ಹೋದರೂ ಜಿಲ್ಲೆಯ ಕಾಲಂನಲ್ಲಿ ಕಲಬುರಗಿ ಅಂತಲೇ ಇರಬೇಕು. ರಫ್ತುದಾರ ತನ್ನ ಗೋದಾಮು ಇರುವ ಜಿಲ್ಲೆಯ ಹೆಸರು ಹಾಕಿಬಿಟ್ಟರೆ ನಮ್ಮ ಜಿಲ್ಲೆಯ ರಫ್ತು ಕಾಗದದ ಮೇಲೆ ಕುಗ್ಗುತ್ತದೆ. ರಫ್ತು ಕೇಂದ್ರ, ಪರೀಕ್ಷಾ ಪ್ರಯೋಗಾಲಯ, ಸಾಗಣೆ ಸೌಲಭ್ಯ ಎಲ್ಲಿ ಬೇಕು ಅಂತ ಯೋಚಿಸುವವರು ನೋಡುವುದು ಇದೇ ಜಿಲ್ಲಾವಾರು ಅಂಕಿಯನ್ನು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರಲ್ಲಿ ಮಾರುವಾಗಲಂತೂ ಜಿಲ್ಲೆಯ ಹೆಸರು ತಪ್ಪಲೇಬಾರದು. ಮುಂದಿನ ಸಲ ಮಾಲು ಕಳಿಸುವಾಗ ನಿಮ್ಮ ಇನ್‌ವಾಯ್ಸ್‌ನಲ್ಲೇ ಬೇಳೆ ತಯಾರಾದದ್ದು ಕಲಬುರಗಿ ಜಿಲ್ಲೆಯಲ್ಲಿ ಅಂತ ಒಂದು ಸಾಲು ಸೇರಿಸಿ. ಮಾಲು ಹೊರಟ ಮೇಲೆ ಶಿಪ್ಪಿಂಗ್ ಬಿಲ್ಲಿನ ಒಂದು ಪ್ರತಿ ತರಿಸಿಕೊಂಡು ಆ ಕಾಲಂ ನೋಡಿ. ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಲು ರಫ್ತುದಾರರಿಗೇ ಹೇಳಬೇಕು, ಏಕೆಂದರೆ ಬಿಲ್ ಅವರ ಹೆಸರಿನಲ್ಲಿರುತ್ತದೆ.